ಎಂಜಿನ್ನಿನ ಪಿಚಕಾರಿಯೂ ರಬ್ಬರಿನ ಉಂಗುರವೂ

ಪೆಟ್ರೋಲೊಂದರಿಂದಲೇ ಮೋಟಾರು ನಡೆಯುವುದಿಲ್ಲ. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತು ಉರಿದಾಗಲೇ ಅದರಿಂದ ಶಕ್ತಿ ಹೊರಡುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಇದಕ್ಕಿಂತ ತೀರ ಹೆಚ್ಚಾದರೆ ಮಿಶ್ರಣ ತೆಳುವಾಗಿ, ಎಂಜಿನ್ನು ನಡುಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ.

ಈ ಬೆರೆಸುವ ಕೆಲಸವನ್ನು ಬಹುಕಾಲ ಕಾರ್ಬ್ಯುರೇಟರು ಮಾಡುತ್ತಿತ್ತು. ಅದರ ಸ್ಥಾನಕ್ಕೆ ಬಂದುದು ಇಂಜೆಕ್ಟರು. ಹೋಳಿಯ ಪಿಚಕಾರಿಯನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ. ಒತ್ತಡಕ್ಕೊಳಗಾದ ದ್ರವ ಸಣ್ಣ ರಂಧ್ರದಿಂದ ತುಂತುರಾಗಿ ಚಿಮ್ಮುತ್ತದೆ. ಜರ್ಮನಿಯ ಬಾಷ್ ಸಂಸ್ಥೆ 1973ರಲ್ಲಿ ಬಳಕೆಗೆ ತಂದ ಕೆ-ಜೆಟ್ರಾನಿಕ್ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1976ರಲ್ಲಿ ಮಾರಾಟಕ್ಕೆ ಬಂದು, ಇಂದು ಹಳೆಯ ಕಾರುಗಳ ಅಭಿಮಾನಿಗಳಿಗೆ ಪ್ರಿಯವಾಗಿರುವ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನಲ್ಲಿದ್ದುದು ಇದೇ. ಒಳನುಗ್ಗುವ ಗಾಳಿ ಒಂದು ತಟ್ಟೆಯನ್ನು ಮೇಲೆತ್ತುತ್ತದೆ. ತಟ್ಟೆ ಎಷ್ಟು ಏರಿತೋ ಅದಕ್ಕೆ ತಕ್ಕಷ್ಟು ಪೆಟ್ರೋಲು ನಾಲ್ಕು ಇಂಜೆಕ್ಟರುಗಳಿಗೆ ಹಂಚಿಹೋಗುತ್ತದೆ. ಅವು ಎಡೆಬಿಡದೆ ಸಿಂಪಡಿಸುತ್ತಿರುತ್ತವೆ.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಆ ತಟ್ಟೆಯಲ್ಲಿದೆ. ತಟ್ಟೆಯನ್ನು ದಾಟಿ ಬಂದ ಗಾಳಿಯ ಲೆಕ್ಕ ಮಾತ್ರ ಅದಕ್ಕೆ ಗೊತ್ತು. ಕಳ್ಳದಾರಿಯಿಂದ ನುಸುಳಿದ ಗಾಳಿಗೆ ಪೆಟ್ರೋಲು ದೊರೆಯುವುದಿಲ್ಲ. ಅಂಥ ಕಳ್ಳದಾರಿಗಳಲ್ಲಿ ಮುಖ್ಯವಾದದ್ದು ಇಂಜೆಕ್ಟರಿನ ಸುತ್ತಲಿನ ಸಂದು. ಈ ಕಾರಿನ ಇಂಜೆಕ್ಟರುಗಳಿಗೆ ತಿರುಪಿನ ಹಿಡಿತವಿಲ್ಲ. ಪ್ಲಾಸ್ಟಿಕ್ಕಿನ ಗೂಡಿನೊಳಗೆ ಒಂದು ದಪ್ಪ ರಬ್ಬರಿನ ಉಂಗುರವೇ ಅವನ್ನು ಹಿಡಿದಿಟ್ಟು, ಸಂದನ್ನೂ ಮುಚ್ಚುತ್ತದೆ.

ಇಂತಹ ದುಂಡು ಉಂಗುರಕ್ಕೆ ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸೆನ್ 1939ರಲ್ಲಿ ಪೇಟೆಂಟು ಪಡೆದರು. ಉಂಗುರದ ದಪ್ಪ ಸಂದಿಗಿಂತ ತುಸು ಹೆಚ್ಚು. ಅದುಮಿದಾಗ ಮತ್ತೆ ಮೊದಲಿನ ಆಕಾರಕ್ಕೆ ಬರಲು ಹವಣಿಸುತ್ತ ಅದು ಎರಡೂ ಗೋಡೆಗಳನ್ನು ಒತ್ತಿಹಿಡಿಯುತ್ತದೆ. ಹಾಗಾದರೆ ಒಮ್ಮೆ ತೆಗೆದ ಉಂಗುರವನ್ನೇ ಮತ್ತೆ ಏಕೆ ಹಾಕಬಾರದು ಎಂದು ವಾಚಕರು ಕೇಳಬಹುದು. ಎಂಜಿನ್ನಿನ ಕಾವಿನಲ್ಲಿ ವರ್ಷಗಟ್ಟಲೆ ಅದುಮಿಕೊಂಡಿದ್ದ ರಬ್ಬರು ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಳ್ಳುತ್ತದೆ. ಅದರ ಉದ್ದನೆಯ ಅಣುಸರಪಳಿಗಳ ನಡುವೆ ಹೊಸ ಬೆಸುಗೆಗಳುಂಟಾಗಿ, ಅದುಮಿದ ಆಕಾರವೇ ಶಾಶ್ವತವಾಗುತ್ತದೆ. ಹೊರತೆಗೆದು ನೋಡಿದರೆ ದುಂಡಗಿದ್ದ ಅಂಚು ಚಪ್ಪಟೆಯಾಗಿರುತ್ತದೆ. ಉಗುರಿನಿಂದ ಒತ್ತಿದರೆ ಬಾಗದು.

ಈ ಸೋರಿಕೆಯ ಲಕ್ಷಣವೂ ವಿಚಿತ್ರವಾದುದು. ಕಾರು ವೇಗವಾಗಿ ಓಡುವಾಗ ದೋಷ ಅಷ್ಟಾಗಿ ತೋರದು. ನಿಂತಲ್ಲೇ ಎಂಜಿನ್ನು ಮೆಲ್ಲಗೆ ತಿರುಗುವಾಗ ಎದ್ದುಕಾಣುತ್ತದೆ. ಕಾರಣವಿಷ್ಟೆ: ಆಗ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಒಳನಾಳದ ಒತ್ತಡ ಹೊರಗಿನ ವಾಯುಭಾರದ ಸುಮಾರು ಮೂರನೆಯ ಒಂದರಷ್ಟಕ್ಕೆ ಇಳಿದಿರುತ್ತದೆ. ಹೊರಗಾಳಿ ಬಲವಾಗಿ ನುಗ್ಗುತ್ತದೆ. ಎಂಜಿನ್ನಿಗೆ ಆಗ ಬೇಕಾದ ಗಾಳಿ ಸ್ವಲ್ಪವೇ ಆದುದರಿಂದ ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ.

ಇಂಜೆಕ್ಟರುಗಳನ್ನು ಮರಳಿ ಕೂರಿಸುವ ಕ್ರಮ ಈ ತತ್ತ್ವಗಳಿಂದಲೇ ಹೊರಡುತ್ತದೆ. ಎಂಜಿನ್ನು ನಿಂತಮೇಲೂ ಕೊಳವೆಗಳಲ್ಲಿ ಒತ್ತಡ ಉಳಿದಿರುತ್ತದೆ. ಆದುದರಿಂದ ತಣ್ಣಗಾದ ಎಂಜಿನ್ನಿನಲ್ಲಿ, ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಕೂಡಿಕೆಗೆ ಬಟ್ಟೆ ಸುತ್ತಿ ಮೆಲ್ಲಗೆ ಸಡಿಲಿಸಬೇಕು. ಬಿಸಿ ಲೋಹದ ಮೇಲೆ ಚಿಮ್ಮಿದ ಪೆಟ್ರೋಲು ಪ್ರಾಣಕ್ಕೇ ಅಪಾಯ. ಗೂಡನ್ನು ಶುಚಿಗೊಳಿಸಿ, ಅದು ಬಿರಿದಿಲ್ಲವೆಂದು ನೋಡಬೇಕು. ಅಲ್ಲಿ ಉಳಿದ ಒಂದು ಮರಳಿನ ಕಣವೂ ಹೊಸ ಉಂಗುರವನ್ನು ಗೀರಬಲ್ಲದು. ಉಂಗುರದ ಜಾತಿಯೂ ಮುಖ್ಯ. ಸೈಕಲ್ ಟ್ಯೂಬಿನ ರಬ್ಬರು ಪೆಟ್ರೋಲಿನಲ್ಲಿ ನೆನೆದರೆ ಉಬ್ಬಿ ಬಲಗುಂದುತ್ತದೆ. ಇಲ್ಲಿ ಬೇಕಾದುದು ಪೆಟ್ರೋಲನ್ನು ತಡೆಯುವ ನೈಟ್ರೈಲ್ ಅಥವಾ ಫ್ಲೋರಿನ್ ಸೇರಿದ ಕೃತಕ ರಬ್ಬರು. ಎಥನಾಲ್ ಬೆರೆತ ಪೆಟ್ರೋಲು ತುಂಬುವ ಇಂದಿನ ದಿನಗಳಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ.

ಒಣ ಉಂಗುರವನ್ನು ಬಲವಂತವಾಗಿ ತುರುಕಿದರೆ ಅದು ಹೊರಳಿ ಹರಿಯುತ್ತದೆ. ಹನಿ ಪೆಟ್ರೋಲಿನಿಂದ ಅದನ್ನು ತೇವಗೊಳಿಸಿ ಇಂಜೆಕ್ಟರನ್ನು ನೇರವಾಗಿ ಒತ್ತಿದರೆ ತನ್ನಷ್ಟಕ್ಕೆ ಕೂರುತ್ತದೆ. ಕೊಳವೆಯ ನಟ್ಟನ್ನು ಬಿಗಿಯುವಾಗ ಎರಡು ಸ್ಪ್ಯಾನರು ಬೇಕು: ಒಂದು ತಿರುಗಿಸಲು, ಇನ್ನೊಂದು ಇಂಜೆಕ್ಟರನ್ನು ಅಲುಗದಂತೆ ಹಿಡಿಯಲು. ಕೊನೆಗೆ ಪೆಟ್ರೋಲಿನ ಪಂಪನ್ನು ಮಾತ್ರ ನಡೆಸಿ, ಪ್ರತಿಯೊಂದು ಕೂಡಿಕೆಯನ್ನೂ ಕಣ್ಣಿಟ್ಟು ನೋಡಬೇಕು. ಒಂದು ಹನಿಯೂ ಜಿನುಗದಿದ್ದರೆ ಎಂಜಿನ್ನನ್ನು ಚಾಲೂ ಮಾಡಬಹುದು. ಅದು ನಡುಗದೆ ಒಂದೇ ಲಯದಲ್ಲಿ ತಿರುಗಿತೆಂದರೆ, ಎಲ್ಲ ಗಾಳಿಯೂ ತಟ್ಟೆಯ ದಾರಿಯಿಂದಲೇ ಬರುತ್ತಿದೆಯೆಂದು ನಾವು ತಿಳಿಯಬಹುದು.