ಹಾಡಿಯ ಮಕ್ಕಳೂ ಪುಸ್ತಕದೊಳಗೆ ಬರಲಿ

ಕರ್ನಾಟಕದ ಜಿಲ್ಲೆಗಳಲ್ಲೇ ಅತಿ ಕಡಿಮೆ ಜನಸಂಖ್ಯೆ ಇರುವುದು ಕೊಡಗಿನಲ್ಲಿ. 2011ರ ಜನಗಣತಿಯಂತೆ ಐದೂವರೆ ಲಕ್ಷ ಚಿಲ್ಲರೆ. ಆದರೆ ಇಷ್ಟು ಸಣ್ಣ ನಾಡಿನಲ್ಲಿ ಕೇಳಿಬರುವ ಮನೆಮಾತುಗಳು ಒಂದೆರಡಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ತಮಿಳು. ಇವುಗಳ ಜೊತೆಗೆ ಯರವರ ನುಡಿ, ಜೇನುಕುರುಬರ ನುಡಿ, ಬೆಟ್ಟಕುರುಬರ ನುಡಿ. ಈಚಿನ ವರ್ಷಗಳಲ್ಲಿ ಕಾಫಿ ತೋಟಗಳ ಲೈನ್‌ಮನೆಗಳಿಗೆ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕುಟುಂಬಗಳೂ ಬಂದು ಸೇರಿವೆ. ಕುಶಾಲನಗರದ ಬಳಿ ಕಾವೇರಿ ದಾಟಿದರೆ ಸಿಗುವ ಬೈಲಕುಪ್ಪೆ 1960ರ ದಶಕದ ಆರಂಭದಿಂದ ಟಿಬೆಟನ್ನರ ನೆಲೆ. ಕೊಡಗು ಜಿಲ್ಲೆಯಲ್ಲಿ ಹತ್ತರಲ್ಲೊಬ್ಬರು ಪರಿಶಿಷ್ಟ ಪಂಗಡದವರು. ಯರವ, ಕುರುಬರಂಥ ಈ ಬುಡಕಟ್ಟುಗಳ ವಸತಿಯೇ ಹಾಡಿ. ಮನೆಮಾತು, ಮೈಬಣ್ಣ, ಮುಖಚಹರೆ ಬೇರೆಬೇರೆಯಾದ ಮಕ್ಕಳು ಒಂದೇ ಸರ್ಕಾರಿ ಶಾಲೆಯಲ್ಲಿ ಸಾಲಾಗಿ ಕೂತು ಊಟ ಮಾಡುವುದು ಇಲ್ಲಿ ಅಪರೂಪವೇನಲ್ಲ. ಆದರೆ ಅದೇ ಶಾಲೆಯ ಕಪಾಟಿನ ಕಥೆಪುಸ್ತಕಗಳಲ್ಲಿ ಹಾಡಿಯ ಹುಡುಗಿಯೋ ಲೈನ್‌ಮನೆಯ ಹುಡುಗನೋ ಕಥೆಯ ನಡುವೆ ನಿಲ್ಲುವುದು ತೀರಾ ವಿರಳ. ಈ ಕೊರತೆ ಹಾಡಿಯ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ಪಕ್ಕದಲ್ಲಿ ಕೂತ ಮಕ್ಕಳಿಗೂ ಅದು ನಷ್ಟ. ಇಂಥ ಪುಸ್ತಕ ಬರೆಸುವುದು ಮುಖ್ಯ, ಎಲ್ಲ ಮಕ್ಕಳ ಕೈಗೂ ಅದನ್ನು ತಲುಪಿಸುವುದು ಅದಕ್ಕಿಂತ ಮುಖ್ಯ ಎಂಬುದು ನನ್ನ ವಾದ.

ಹಾಡಿಯ ಜನ ಅಚ್ಚಿನಲ್ಲಿ ಕಾಣಿಸುವುದೇ ಇಲ್ಲವೆಂದಲ್ಲ. ಪ್ರತಿ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ, ಬಹುಪಾಲು ‘ಬೈಗುಳದ ಹಬ್ಬ’ ಎಂಬ ತಲೆಬರಹದಡಿ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಿದಾಗ ನಾಡೆಲ್ಲ ಆ ಹೆಸರನ್ನು ಕೇಳಿತು. ಕಾಡಾನೆ ದಾಳಿಯ ಸುದ್ದಿಯಲ್ಲೂ ಅವರಿರುತ್ತಾರೆ. ಆದರೆ ವಿಚಿತ್ರ ಆಚರಣೆ, ಒಕ್ಕಲೆಬ್ಬಿಸುವಿಕೆ, ಸಾವು ಇಷ್ಟರಲ್ಲೇ ಒಂದು ಸಮುದಾಯದ ಪರಿಚಯ ಮುಗಿದರೆ ಅದನ್ನು ಓದಿ ಬೆಳೆಯುವ ಮಗುವಿನ ಮನಸ್ಸಿನಲ್ಲಿ ಎಂಥ ಚಿತ್ರ ಉಳಿದೀತು? ಕಥೆಗೆ ಬೇಕಾದ ಸಾಮಗ್ರಿಗೇನೂ ಬರವಿಲ್ಲ. ದುಬಾರೆ, ಮತ್ತಿಗೋಡು ಆನೆ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಜೇನುಕುರುಬರೇ ಹೆಚ್ಚು. ದಸರಾ ಬಂತೆಂದರೆ ಈ ಕುಟುಂಬಗಳು ಆನೆಗಳ ಜೊತೆ ಮೈಸೂರಿಗೆ ಹೋಗಿ ವಾರಗಟ್ಟಲೆ ಅರಮನೆಯ ಆವರಣದಲ್ಲಿ ತಂಗುತ್ತವೆ. ಮಕ್ಕಳ ಪಾಠ ತಪ್ಪದಿರಲೆಂದು ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. 2020ರಿಂದ ಚಿನ್ನದ ಅಂಬಾರಿ ಹೊರುತ್ತಿರುವ ಅಭಿಮನ್ಯು ಮತ್ತಿಗೋಡಿನ ಆನೆ ಎಂದು ಕರ್ನಾಟಕದ ಮಕ್ಕಳಿಗೆ ಗೊತ್ತು. ಅರಮನೆಯ ನೆರಳಲ್ಲಿ ಸ್ಲೇಟು ಹಿಡಿದು ಕೂರುವ ಮಾವುತನ ಮಗಳ ಹೆಸರು ಯಾವ ಮಗುವಿಗೂ ಗೊತ್ತಿಲ್ಲ. ಆ ಹುಡುಗಿಯ ಕಣ್ಣಿನಿಂದ ದಸರಾ ಹೇಗೆ ಕಂಡೀತು ಎಂದು ಬರೆದರೆ ಬೆಂಗಳೂರಿನ ಮಗುವೂ ಬಾಯಿಬಿಟ್ಟುಕೊಂಡು ಓದೀತು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದಲ್ಲಿ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಬರೆದ ಲೇಖನವೊಂದು ದೊಡ್ಡ ಚರ್ಚೆ ಎಬ್ಬಿಸಿತು. 1962ರಿಂದ 64ರವರೆಗೆ ಪ್ರಕಟವಾದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳನ್ನು ಅವರು ಪರಿಶೀಲಿಸಿದ್ದರು. ಕಪ್ಪು ಜನಾಂಗದ ಪಾತ್ರ ಒಂದಾದರೂ ಇದ್ದ ಪುಸ್ತಕಗಳು ಶೇ 7ಕ್ಕೂ ಕಡಿಮೆ. 1985ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ ಲೆಕ್ಕ ಹಾಕಿದಾಗ ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರು, ಕಲಾವಿದರು ರಚಿಸಿದವು 18 ಮಾತ್ರ. ಅಲ್ಲಿಂದ ಆ ಕೇಂದ್ರ ಎಣಿಸುವುದನ್ನು ಬಿಡಲಿಲ್ಲ. ಈಗ ಅಂಥ ಪುಸ್ತಕಗಳು ವರ್ಷಕ್ಕೆ ನೂರಾರು ಬರುತ್ತಿವೆ. ಎಣಿಕೆಯೊಂದರಿಂದಲೇ ಇದಾಯಿತು ಎನ್ನಲಾಗದು, ಆದರೆ ಅಂಕಿ ಕಣ್ಣೆದುರಿಗಿದ್ದಾಗ ಪ್ರಕಾಶಕರಿಗೂ ಗ್ರಂಥಾಲಯಗಳಿಗೂ ನುಣುಚಿಕೊಳ್ಳುವುದು ಕಷ್ಟವಾಯಿತು. 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ ಪುಸ್ತಕ ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದರು. ಈ ಮಾತಿನ ಮೊದಲರ್ಧವನ್ನು ಎಲ್ಲರೂ ಹೇಳುತ್ತಾರೆ. ಕೊಡಗಿನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ತೋಟದ ಮಾಲೀಕರ ಮಗು ಲೈನ್‌ಮನೆಯೊಳಗೆ ಕಾಲಿಡುವ ಸಂದರ್ಭವೇ ಕಡಿಮೆ. ಅಸ್ಸಾಮಿನಿಂದ ಬಂದ ಕಾರ್ಮಿಕರನ್ನು ಮುಖ, ಮಾತು ನೋಡಿಯೇ ಅನುಮಾನಿಸುವ ದೊಡ್ಡವರ ಮಾತುಗಳು ಮಾತ್ರ ಆ ಮಗುವಿನ ಕಿವಿಗೆ ಬೀಳುತ್ತವೆ. ಒಂದು ಒಳ್ಳೆಯ ಕಥೆ ಅದಕ್ಕಿಂತ ಮೊದಲೇ ಆ ಮಗುವಿನ ಕೈ ಸೇರಬೇಕು.

ಲಿಪಿಯಿಲ್ಲದ ಸಣ್ಣ ಭಾಷೆಗಳಲ್ಲಿ ಪುಸ್ತಕ ಮಾಡುವುದು ಆಗುವ ಹೋಗುವ ಮಾತೇ ಎಂದು ಕೇಳುವವರಿದ್ದಾರೆ. ಉತ್ತರ ಕೊಡಗಿನ ಚರಿತ್ರೆಯಲ್ಲೇ ಇದೆ. ಹರದಾಸ ಅಪ್ಪಚ್ಚಕವಿ 20ನೇ ಶತಮಾನದ ಆರಂಭದಲ್ಲಿ ಕೊಡವ ತಕ್ಕಿನಲ್ಲಿ ನಾಟಕ ಬರೆದರು. ನಡಿಕೇರಿಯಂಡ ಚಿಣ್ಣಪ್ಪ ಊರೂರು ತಿರುಗಿ ಜನಪದ ಹಾಡುಗಳನ್ನು ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದರು. ಎರಡನ್ನೂ ಹೊತ್ತದ್ದು ಕನ್ನಡ ಲಿಪಿ. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ, ಅರೆಭಾಷೆ ಅಕಾಡೆಮಿ 2011ರಲ್ಲಿ ಬಂದವು. ಹೊರಗಿನಿಂದ ಬಂದವರೂ ಈ ನೆಲವನ್ನು ಮಕ್ಕಳಿಗಾಗಿ ಕಂಡಿದ್ದಾರೆ. ಕನ್ನಡ ಶಿಶುಸಾಹಿತ್ಯದ ಹಿರಿಯ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಅವರು ಕೊಡವರ ಹುತ್ತರಿ ಹಬ್ಬವನ್ನು ಕನ್ನಡದ ಮಕ್ಕಳೆಲ್ಲ ಹಾಡುವಂತೆ ಮಾಡಿದರು. ಒಂದು ಸಮುದಾಯದ ಹಬ್ಬ ಹಾಗೆ ಎಲ್ಲರದೂ ಆಯಿತು. ಯರವ, ಜೇನುಕುರುಬ ಮಕ್ಕಳ ಲೋಕಕ್ಕೆ ಅಂಥ ಭಾಗ್ಯ ಇನ್ನೂ ಬಂದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹಾಡಿಯ ಮಕ್ಕಳು ಶಾಲೆ ಬಿಡುವುದೇ ಹೆಚ್ಚು, ಅವರಿಗೆ ಮೊದಲು ಬೇಕಾದದ್ದು ಗಟ್ಟಿ ಕನ್ನಡ, ಆಮೇಲೆ ಇಂಗ್ಲಿಷ್. ಮನೆಮಾತಿನ ಕಥೆಪುಸ್ತಕ ಕೊಟ್ಟು ಅವರನ್ನು ಅಲ್ಲಿಯೇ ಉಳಿಸುವುದೇಕೆ ಎಂಬುದು. ಈ ಕಾಳಜಿ ಸುಳ್ಳಲ್ಲ. ಆದರೆ ಒಂದನೇ ತರಗತಿಯ ಮಗುವಿಗೆ ಪಾಠದ ಮಾತೇ ಅರ್ಥವಾಗದಿದ್ದರೆ ಅದು ಕನ್ನಡದ ಹತ್ತಿರಕ್ಕೂ ಬರುವುದಿಲ್ಲ, ಶಾಲೆಯಿಂದಲೇ ದೂರವಾಗುತ್ತದೆ. ಒಡಿಶಾ ಸರ್ಕಾರ 2006-07ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಆರಂಭಿಸಿದ್ದು ಇದೇ ಕಾರಣಕ್ಕೆ: ಮನೆಮಾತಿನಲ್ಲಿ ಶುರುಮಾಡಿ ಮೆಲ್ಲಮೆಲ್ಲನೆ ಒಡಿಯಾಕ್ಕೆ ದಾಟಿಸುವುದು. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ ಅಲ್ಲಿಯ ಸಮುದಾಯದವರಿಂದಲೇ ಮುಂಡ, ಕುಯಿ, ಸೌರ, ಜುವಾಂಗ್ ಭಾಷೆಗಳಲ್ಲಿ ಚಿತ್ರಪುಸ್ತಕ ಬರೆಸಿತು. ಕೊಡಗಿನ ನೆರೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಚಿಗುರಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿತು. ಕಾಡಂಚಿನ ತಾಲ್ಲೂಕಿನಲ್ಲಿ ಹುಟ್ಟಿದ ಪ್ರಯೋಗ ಇಡೀ ನಾಡಿಗೆ ದಾರಿಯಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಎಡಪುಟದಲ್ಲಿ ಯರವ ಮಾತು, ಬಲಪುಟದಲ್ಲಿ ಕನ್ನಡ, ಎರಡೂ ಕನ್ನಡ ಲಿಪಿಯಲ್ಲೇ ಇರುವ ಪುಸ್ತಕ ಕನ್ನಡ ಕಲಿಕೆಗೆ ಅಡ್ಡಿಯಾಗುವುದು ಹೇಗೆ?

ಮಕ್ಕಳಿಗೆ ಜಾತಿ, ಜನಾಂಗ ಗೊತ್ತಿಲ್ಲ, ನಾವೇ ಕಥೆಯಲ್ಲಿ ತಂದು ಭೇದ ಕಲಿಸುತ್ತೇವೆ ಎನ್ನುವವರೂ ಉಂಟು. ನಿಜವೆಂದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ರಾಕ್ಷಸನಿಗೆ ಕಪ್ಪು ಬಣ್ಣ, ರಾಜಕುಮಾರಿಗೆ ಬಿಳಿ ಬಣ್ಣ ಬಳಿದ ಚಿತ್ರಗಳು ಅದನ್ನು ಸದ್ದಿಲ್ಲದೆ ಕಲಿಸುತ್ತವೆ. ಹಾಗೆಂದು ಹಾಡಿಯ ಕಥೆ ಎಂದರೆ ಸೊಪ್ಪು ಸುತ್ತಿಕೊಂಡು ಕುಣಿಯುವವರ ಚಿತ್ರ ಬರೆದರಾಯಿತು ಎಂದುಕೊಂಡರೆ ಪುಸ್ತಕವಿಲ್ಲದಿರುವುದೇ ಮೇಲು. ತಿತಿಮತಿಯ ಬಸ್ ಹತ್ತುವ, ಗಣಿತಕ್ಕೆ ಹೆದರುವ, ಫುಟ್‌ಬಾಲ್ ಒದೆಯುವ ಯರವ ಹುಡುಗ ಬೇಕು. ಬರೆಯುವವರೂ ಆದಷ್ಟು ಆ ಸಮುದಾಯದ ಓದಿದ ಯುವಕ ಯುವತಿಯರೇ ಆಗಬೇಕು. ಮೈಸೂರಿನ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ ಅವರಿಗೊಂದು ಕಮ್ಮಟ ನಡೆಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಇನ್ನು ತಲುಪಿಸುವ ಮಾತು. ಹೊಸ ವ್ಯವಸ್ಥೆ ಕಟ್ಟಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಉಂಟು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದ ಪುಸ್ತಕಗಳನ್ನು ಯಾರು ಬೇಕಾದರೂ ಅನುವಾದಿಸಿ ಮುದ್ರಿಸಿಕೊಳ್ಳಬಹುದು. ತೊಡಕಿರುವುದು ಆಯ್ಕೆಯಲ್ಲಿ ಮತ್ತು ದೂರದಲ್ಲಿ. ಸಗಟು ಖರೀದಿಯಲ್ಲಿ ಪುಟದ ಲೆಕ್ಕಕ್ಕೆ ಬೆಲೆ ಕಟ್ಟಿದರೆ ಇಪ್ಪತ್ತನಾಲ್ಕು ಪುಟದ ಬಣ್ಣದ ಚಿತ್ರಪುಸ್ತಕ ಪ್ರಕಾಶಕರಿಗೆ ಗಿಟ್ಟುವುದಿಲ್ಲ. ಮಕ್ಕಳ ಪುಸ್ತಕಕ್ಕೆ ಬೇರೆಯೇ ದರ ಬೇಕು. ಗ್ರಂಥಾಲಯ ಪಂಚಾಯಿತಿ ಕೇಂದ್ರದಲ್ಲಿರುತ್ತದೆ, ಹಾಡಿ ಕಾಡಂಚಿನಲ್ಲಿರುತ್ತದೆ, ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಲೈನ್‌ಮನೆಯ ಮಕ್ಕಳು ತೋಟ ಬಿಟ್ಟು ಬರುವುದಿಲ್ಲ. ಆದ್ದರಿಂದ ಅಲ್ಲಿನ ಅಂಗನವಾಡಿಗೆ, ಆಶ್ರಮ ಶಾಲೆಗೆ, ತೋಟದ ಬಾಗಿಲಿಗೆ ಪುಸ್ತಕದ ಪೆಟ್ಟಿಗೆಯೇ ಹೋಗಿಬರಬೇಕು. ತೋಟದ ಮಾಲೀಕರು ಒಂದು ಕಪಾಟಿಗೆ ಜಾಗ ಕೊಡಲಿ, ಪಂಚಾಯಿತಿಗಳು ಮುಂದಿನ ಖರೀದಿಗೆ ಮೊದಲು ತಮ್ಮಲ್ಲಿರುವ ಮಕ್ಕಳ ಪುಸ್ತಕಗಳಲ್ಲಿ ಹಾಡಿಯ, ಲೈನ್‌ಮನೆಯ ಮಗು ಎಷ್ಟರಲ್ಲಿದೆ ಎಂದು ಒಮ್ಮೆ ಎಣಿಸಿ ನೋಡಲಿ. ಆ ಎಣಿಕೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳುವಂತೆ ಕೇಳುವ ಹಕ್ಕು ಓದುಗರಾದ ನಿಮಗಿದೆ, ದಯವಿಟ್ಟು ಕೇಳಿ.