ಸಸಿಮಡಿಯಿಂದ ಚೆಲ್ಲುಬಿತ್ತನೆಗೆ: ಜೀವಕೋಶ ಸಂಶೋಧನೆ ಮತ್ತು ನಮ್ಮ ಮಕ್ಕಳು



ಹನ್ನೆರಡನೇ ತರಗತಿ ಮುಗಿಸುವ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಮೆಡಿಕಲ್ಲೋ, ಎಂಜಿನಿಯರಿಂಗೋ? ಮಗಳು "ಜೀವಕೋಶದ ಮೇಲೆ ಸಂಶೋಧನೆ ಮಾಡ್ತೀನಿ" ಎಂದರೆ "ಅದರಿಂದ ಹೊಟ್ಟೆ ತುಂಬುತ್ತೇನಮ್ಮಾ?" ಎನ್ನುತ್ತೇವೆ. ಕೇಳುವುದು ತಪ್ಪಲ್ಲ. ಆದರೆ ತೀರ್ಪು ಕೊಡುವ ಮೊದಲು ಆ ಕೆಲಸ ಏನೆಂದು ತಿಳಿದಿರಬೇಕು. ಅದಕ್ಕೆ ನಮ್ಮ ಪರ್ತ್‌ನದೇ ಉದಾಹರಣೆಯಿದೆ.

ಮೈ ಬಹಳಷ್ಟು ಸುಟ್ಟವರಿಗೆ ಬೇರೆ ಕಡೆಯಿಂದ ತೆಗೆದು ಹಾಕಲು ಸಾಕಷ್ಟು ಚರ್ಮ ಉಳಿದಿರುವುದಿಲ್ಲ. ಹಾಗಾಗಿ ರೋಗಿಯದೇ ಚರ್ಮದ ಚೂರೊಂದನ್ನು ತೆಗೆದು, ಪ್ರಯೋಗಾಲಯದಲ್ಲಿ ಅದರ ಜೀವಕೋಶಗಳನ್ನು ಹಾಳೆಯಂತೆ ಬೆಳೆಸಿ ಗಾಯದ ಮೇಲೆ ಹೊದಿಸುತ್ತಿದ್ದರು. ಮಡಿಯಲ್ಲಿ ಸಸಿ ಬೆಳೆಸಿ ಗದ್ದೆಗೆ ನಾಟಿ ಮಾಡಿದ ಹಾಗೆ. ತೊಂದರೆ ಏನೆಂದರೆ, ಹಾಳೆ ಬೆಳೆಯಲು ಸುಮಾರು ಮೂರು ವಾರ ಬೇಕಿತ್ತು. ಗಾಯ ಹತ್ತು ದಿನದೊಳಗೆ ಮುಚ್ಚಿದರೆ ಕಲೆ ಬಹಳ ಕಡಿಮೆ. ತಡವಾದಷ್ಟೂ ಸೋಂಕಿನ ಭಯ ಹೆಚ್ಚು, ಕಲೆಯೂ ದಪ್ಪ.

ಇಂಗ್ಲೆಂಡಿನಿಂದ ವಲಸೆ ಬಂದ ಶಸ್ತ್ರವೈದ್ಯೆ ಫಿಯೋನಾ ವುಡ್ ಮತ್ತು ವಿಜ್ಞಾನಿ ಮರೀ ಸ್ಟೋನರ್ 1990ರ ದಶಕದಲ್ಲಿ ಪರ್ತ್‌ನಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಹಾಳೆಯಾಗುವವರೆಗೆ ಕಾಯುವುದೇಕೆ? ಜೀವಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವ ಮೊದಲೇ ದ್ರವದಲ್ಲಿ ಬೆರೆಸಿ ಗಾಯದ ಮೇಲೆ ಸಿಂಪಡಿಸಿದರೆ ಅಲ್ಲೇ ಬೆಳೆಯುತ್ತವಲ್ಲ! ನಾಟಿಯ ಬದಲು ಚೆಲ್ಲುಬಿತ್ತನೆ. ಮೂರು ವಾರದ ಕಾಯುವಿಕೆ ಐದು ದಿನಕ್ಕೆ ಇಳಿಯಿತು. 2002ರ ಅಕ್ಟೋಬರ್‌ನಲ್ಲಿ ಬಾಲಿಯ ಬಾಂಬ್ ಸ್ಫೋಟದಲ್ಲಿ ಗಾಯಗೊಂಡ 28 ಮಂದಿ ರಾಯಲ್ ಪರ್ತ್ ಆಸ್ಪತ್ರೆಗೆ ಬಂದಾಗ ಈ ವಿದ್ಯೆ ಲೋಕಕ್ಕೆಲ್ಲ ತಿಳಿಯಿತು. 2005ರಲ್ಲಿ ವುಡ್ 'ವರ್ಷದ ಆಸ್ಟ್ರೇಲಿಯನ್' ಆದರು.

ಜೀವಕೋಶ ವಿಜ್ಞಾನಕ್ಕೂ ಜೈವಿಕ ಎಂಜಿನಿಯರಿಂಗಿಗೂ ಇರುವ ವ್ಯತ್ಯಾಸ ಇಲ್ಲಿಯೇ ಕಾಣುತ್ತದೆ. ಕೋಶ ಯಾವಾಗ ಒಡೆದು ಎರಡಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕೇಳುವುದು ಮೊದಲನೆಯದು. ಆ ಉತ್ತರವನ್ನು ಆಪರೇಷನ್ ಥಿಯೇಟರಿನಲ್ಲಿ ಬಳಸಬಹುದಾದ ಸಾಧನವಾಗಿಸುವುದು ಎರಡನೆಯದು. ಹಾಗೆ ರೂಪುಗೊಂಡದ್ದೇ 'ರೀಸೆಲ್' ಪೆಟ್ಟಿಗೆ. ಅಂಚೆಚೀಟಿಯಷ್ಟು ಚರ್ಮವನ್ನು ಕಿಣ್ವದಲ್ಲಿ ನೆನೆಸಿ, ಕೋಶಗಳನ್ನು ಬಿಡಿಸಿ, ಸುಮಾರು ಅರ್ಧ ಗಂಟೆಯಲ್ಲಿ ಸಿಂಪಡಿಸಲು ಸಿದ್ಧಪಡಿಸುತ್ತದೆ. 2018ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದು ಸರ್ವರೋಗಕ್ಕೂ ಮದ್ದಲ್ಲ. ಆಳದ ಗಾಯಕ್ಕೆ ಜಾಲರಿಯಂತೆ ಬಿಡಿಸಿದ ಚರ್ಮದ ಕಸಿಯೂ ಜೊತೆಗೆ ಬೇಕು.

ಬ್ರಿಸ್ಬೇನಿನಲ್ಲಿ ನಡೆದದ್ದೂ ಇಂಥದ್ದೇ. ಸ್ಕಾಟ್ಲೆಂಡಿನಿಂದ ಬಂದ ಇಯಾನ್ ಫ್ರೇಜರ್ ಮತ್ತು ಚೀನಾದಿಂದ ಬಂದ ಜಿಯಾನ್ ಜೋ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಎಚ್‌ಪಿವಿ ವೈರಸ್ಸಿನ ಹೊರಕವಚವನ್ನಷ್ಟೇ, ಒಳಗಿನ ವಂಶವಾಹಿ ಇಲ್ಲದೆ, ತಯಾರಿಸಿದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಗೆ ಅದೇ ಬುನಾದಿ. ಲಸಿಕೆ ಬಳಕೆಗೆ ಬಂದದ್ದು 2006ರಲ್ಲಿ. ಜೋ 1999ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ.

ಈ ಹಾದಿಗೆ ಬರುವ ವಿದ್ಯಾರ್ಥಿಯ ದಿನಚರಿ ಹೇಗಿರುತ್ತದೆ? ಕೋಶಗಳನ್ನು 37 ಡಿಗ್ರಿ ಶಾಖದಲ್ಲಿ ಸಾಕಬೇಕು, ಕ್ರಮ ತಪ್ಪದೆ ಆಹಾರದ ದ್ರವ ಬದಲಿಸಬೇಕು. ಕೊಟ್ಟಿಗೆಯ ಹಸುವಿಗೆ ಭಾನುವಾರವಿಲ್ಲ, ಕೋಶಗಳಿಗೂ ಇಲ್ಲ. ಒಂದು ಬ್ಯಾಕ್ಟೀರಿಯ ಒಳಹೊಕ್ಕರೆ ವಾರಗಳ ಕೆಲಸ ಹಾಳು. ಪ್ರಯೋಗ ಸೋತರೆ ಮಗ ಸೋತನೆಂದಲ್ಲ, ಅದೇ ಆ ಕೆಲಸದ ಸ್ವಭಾವ.

ಇನ್ನು ಹೊಟ್ಟೆಯ ಪ್ರಶ್ನೆ. ಇಲ್ಲಿ ಪಿಎಚ್‌ಡಿ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ. ಸರ್ಕಾರದ ರಿಸರ್ಚ್ ಟ್ರೈನಿಂಗ್ ಪ್ರೋಗ್ರಾಂ ನೆರವಿನಲ್ಲಿ ಶುಲ್ಕ ಮನ್ನಾ ಆಗಬಹುದು, ಸ್ಪರ್ಧೆಯಲ್ಲಿ ಗೆದ್ದವರಿಗೆ ಜೀವನಭತ್ಯೆಯೂ ಸಿಗುತ್ತದೆ. ವಿದೇಶಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಆದರೆ ಆ ಭತ್ಯೆಯಲ್ಲಿ ಮನೆ ಕಟ್ಟಲಾಗದು. ಪದವಿಯ ನಂತರ ಸಿಗುವ ಸಂಶೋಧನಾ ಕೆಲಸಗಳು ಹೆಚ್ಚಾಗಿ ಒಂದೆರಡು ವರ್ಷದ ಗುತ್ತಿಗೆ. ಎಲ್ಲರೂ ಪ್ರೊಫೆಸರ್ ಆಗುವುದಿಲ್ಲ. ಆಸ್ಪತ್ರೆ ಪ್ರಯೋಗಾಲಯ, ಔಷಧ ಕಂಪನಿ, ವೈದ್ಯಕೀಯ ಸಾಧನಗಳ ಉದ್ಯಮ, ಪೇಟೆಂಟ್ ಕಚೇರಿಗಳಿಗೂ ಹೋಗುತ್ತಾರೆ.

ಆದ್ದರಿಂದ ತಂದೆತಾಯಂದಿರಲ್ಲಿ ನನ್ನ ಕೋರಿಕೆ ಮೂರು. ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ಮಾರ್ಗದರ್ಶಕರನ್ನು ವಿಚಾರಿಸಿ: ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಆನರ್ಸ್ ವರ್ಷದಲ್ಲೋ ರಜೆಯಲ್ಲೋ ಮಗು ಪ್ರಯೋಗಾಲಯದಲ್ಲಿ ಕೆಲವು ವಾರ ಕೆಲಸ ಮಾಡಿ ನೋಡಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್, ಇನ್‌ಸ್ಟೆಮ್‌ಗಳಲ್ಲೂ ಈ ಕೆಲಸ ನಡೆಯುತ್ತಿದೆ, ಆ ಬಾಗಿಲನ್ನೂ ಮರೆಯಬೇಡಿ.

ಮೆಡಿಕಲ್ ಸೀಟು ತಪ್ಪಿದವರಿಗೆ ಉಳಿದ ದಾರಿ ಎಂದು ಸಂಶೋಧನೆಯನ್ನು ದಯವಿಟ್ಟು ಕರೆಯಬೇಡಿ. ಆ 28 ಮಂದಿ ಪರ್ತ್‌ಗೆ ಬಂದಿಳಿದಾಗ ವೈದ್ಯರ ಕೈಯಲ್ಲಿ ಈ ಚಿಕಿತ್ಸೆ ಇದ್ದದ್ದು, ಅದಕ್ಕೆ ವರ್ಷಗಳ ಹಿಂದಿನಿಂದಲೇ ಯಾರೋ ಪ್ರಯೋಗಾಲಯದಲ್ಲಿ ದಿನವೂ ಕೋಶಗಳಿಗೆ ಉಣಿಸುತ್ತಿದ್ದುದರಿಂದ.