ಪರರಕ್ತವನ್ನೊಲ್ಲದವರ ಹೃದಯಚಿಕಿತ್ಸೆ

ಕನ್ನಡದಲ್ಲಿ ಗುಂಡಿಗೆಯೆಂಬ ಒಂದೇ ಮಾತು ಅವಯವವನ್ನೂ ಧೈರ್ಯವನ್ನೂ ಹೇಳುತ್ತದೆ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂತಹ ಊರಿನಿಂದ ಹೃದಯದ ಶಸ್ತ್ರಚಿಕಿತ್ಸೆಗಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡುವ ರೋಗಿಗೆ ಈ ಎರಡನೆಯ ಗುಂಡಿಗೆಯೂ ಬೇಕಾಗುವುದು ಸಹಜವೇ ಸರಿ. ಅಂತಹ ರೋಗಿಯು ಪರರ ರಕ್ತವನ್ನು ತನಗೆ ಏರಿಸಕೂಡದೆಂದು ಹೇಳಿದನೆಂದರೆ, ಅದನ್ನು ಚಿಕಿತ್ಸೆಯನ್ನೇ ಒಲ್ಲೆನೆಂದಂತೆ ತಿಳಿಯುವವರುಂಟು. ಹಾಗೆ ತಿಳಿಯಲಾಗದು. ‘ರಕ್ತ ಬೇಡ’ ಎಂಬ ಎರಡು ಪದಗಳೊಳಗೆ ಹಲವು ಪ್ರಶ್ನೆಗಳು ಅಡಗಿವೆ. ಅವುಗಳನ್ನು ವಾರಗಳ ಮುಂಚೆಯೇ ಬಿಡಿಸಿಕೊಂಡಲ್ಲಿ ಚಿಕಿತ್ಸೆಗೆ ದಾರಿಯುಂಟು.

ಹೀಗೆ ನಿರಾಕರಿಸುವವರಲ್ಲಿ ಪ್ರಸಿದ್ಧರಾದವರು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು. ರಕ್ತವನ್ನು ವರ್ಜಿಸಬೇಕೆಂಬ ಬೈಬಲ್ಲಿನ ವಿಧಿಯನ್ನು ಅವರು 1945ರಿಂದೀಚೆಗೆ ರಕ್ತಪೂರಣಕ್ಕೂ ಅನ್ವಯಿಸಿಕೊಂಡಿರುತ್ತಾರೆ. ಶ್ರದ್ಧೆಯ ಮಾತೇ ಇಲ್ಲದೆ ಇದೇ ಇಕ್ಕಟ್ಟಿಗೆ ಸಿಕ್ಕುವವರೂ ಇದ್ದಾರೆ. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಪಡಿಸಿದ ‘ಬಾಂಬೆ’ ರಕ್ತಗುಂಪಿನವರಿಗೆ ಅದೇ ಗುಂಪಿನ ರಕ್ತವಲ್ಲದೆ ಬೇರಾವುದೂ, ಓ ಗುಂಪಿನದು ಸಹ, ಒಗ್ಗುವುದಿಲ್ಲ. (ಆ ವರ್ಷ ಸವಣೂರು ಸೀಮೆಯೂ ಮುಂಬಯಿ ರಾಜ್ಯಕ್ಕೇ ಸೇರಿತ್ತೆಂಬುದನ್ನು ನೆನೆಯಬಹುದು.) ಅಂತಹವರಿಗೆ ರಕ್ತವನ್ನು ಮಿಗಿಸುವ ಉಪಾಯಗಳೇ ಗತಿ.

ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಮೊದಲು ಸಫಲಗೊಳಿಸಿದವರು ಫಿಲಡೆಲ್ಫಿಯಾದ ಜಾನ್ ಗಿಬ್ಬನ್, 1953ರಲ್ಲಿ. ಮೊದಮೊದಲು ಆ ಯಂತ್ರದ ಕೊಳವೆಗಳನ್ನು ತುಂಬುವುದಕ್ಕೇ ದಾನಿಗಳ ರಕ್ತ ಬೇಕಾಗುತ್ತಿತ್ತು. ಹ್ಯೂಸ್ಟನ್ನಿನ ಡೆಂಟನ್ ಕೂಲಿಯವರು ರಕ್ತದ ಬದಲು ಗ್ಲೂಕೋಸ್ ದ್ರಾವಣವನ್ನು ತುಂಬಿ, ಸಾಕ್ಷಿಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ರಕ್ತಪೂರಣವಿಲ್ಲದೆ ನಡೆದ 542 ಶಸ್ತ್ರಚಿಕಿತ್ಸೆಗಳ ವರದಿ 1977ರಲ್ಲಿ ಹೊರಬಂದಿತು. 2012ರಲ್ಲಿ ಕ್ಲೀವ್‌ಲೆಂಡಿನ ವೈದ್ಯರು ಇಂತಹ 322 ರೋಗಿಗಳನ್ನು, ರಕ್ತ ಪಡೆದ ಸಮಾನಸ್ಥಿತಿಯ ರೋಗಿಗಳೊಡನೆ ಹೋಲಿಸಿದಾಗ, ಒಂದು ವರ್ಷದ ನಂತರ ಬದುಕಿದ್ದವರು ಕ್ರಮವಾಗಿ ನೂರಕ್ಕೆ 95 ಮತ್ತು 89. ಇದರಿಂದ ರಕ್ತಪೂರಣವೇ ಕೆಟ್ಟದ್ದೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಸಾಕ್ಷಿಗಳನ್ನು ಮೊದಲೇ ಸಿದ್ಧಪಡಿಸಿ ಚಿಕಿತ್ಸೆಗೆ ತೆಗೆದುಕೊಂಡಿದ್ದರೆಂಬುದನ್ನು ಮರೆಯಲಾಗದು.

ಆ ಸಿದ್ಧತೆಯೇ ಇಲ್ಲಿಯ ಜೀವಾಳ. ಯಂತ್ರದೊಳಗಿನ ದ್ರಾವಣವು ಬೆರೆತೊಡನೆ ರೋಗಿಯ ರಕ್ತ ತೆಳುವಾಗುತ್ತದೆ. ಮೊದಲೇ ರಕ್ತಹೀನನಾದವನಿಗೆ ಅದು ತಡೆಯದು. ಆದಕಾರಣ ಹೀಮೊಗ್ಲೋಬಿನ್ ಪ್ರಮಾಣವನ್ನು ಅಳೆದು, ಕೊರತೆಯಿದ್ದಲ್ಲಿ ಕಬ್ಬಿಣದ ಅಂಶವನ್ನು ಮಾತ್ರೆಯಾಗಿಯೋ ರಕ್ತನಾಳದ ಮೂಲಕವೋ ಕೊಡುತ್ತಾರೆ. ಅಗತ್ಯವಿದ್ದರೆ ಎರಿಥ್ರೊಪೊಯೆಟಿನ್ ಚುಚ್ಚುಮದ್ದನ್ನೂ ಸೇರಿಸುತ್ತಾರೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಒಳ್ಳೆಯವೇ. ಆದರೆ ಅವುಗಳಿಂದಲೇ ಕೆಲವು ವಾರಗಳಲ್ಲಿ ಕೊರತೆ ತುಂಬೀತೆಂದು ನಂಬಕೂಡದು, ಊಟದ ಬೆನ್ನಿಗೇ ಕುಡಿಯುವ ಚಹವಂತೂ ಕಬ್ಬಿಣವು ಮೈಗೆ ಹತ್ತದಂತೆ ಮಾಡುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಟ್ರಾನೆಕ್ಸಾಮಿಕ್ ಆಮ್ಲವು ಸ್ರಾವವನ್ನು ತಗ್ಗಿಸುತ್ತದೆ. ಸೋರಿದ ರಕ್ತವನ್ನು ‘ಸೆಲ್ ಸೇವರ್’ ಯಂತ್ರವು ಹೀರಿ, ತೊಳೆದು, ರೋಗಿಗೇ ಹಿಂದಿರುಗಿಸುತ್ತದೆ. ತರುವಾಯದ ದಿನಗಳಲ್ಲಿ ಪರೀಕ್ಷೆಗೆಂದು ತೆಗೆಯುವ ರಕ್ತಕ್ಕೂ ಲೆಕ್ಕವಿಡಬೇಕು. ಮಕ್ಕಳಿಗೆ ಬಳಸುವ ಸಣ್ಣ ನಳಿಕೆಗಳೇ ಸಾಕು.

ಚೇತರಿಕೆ ನಿಧಾನ. ಸೀಳಿದ ಎದೆಯೆಲುಬು ಕೂಡಿಕೊಳ್ಳುವುದಕ್ಕೆ ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕೊಡ ಹೊರುವುದು, ಚೀಲ ಎತ್ತುವುದು ಸಲ್ಲದು. ರಕ್ತ ತುಂಬಿಕೊಳ್ಳುವವರೆಗೆ ಆಯಾಸವೂ, ಎದ್ದುನಿಂತಾಗ ತಲೆಸುತ್ತೂ ಇರಬಹುದು. ಬಾಲ್ಯದ ಗಂಟಲುನೋವಿನಿಂದ ಮೊದಲಾದ ಸಂಧಿವಾತಜ್ವರವು ಕವಾಟವನ್ನು ಕೆಡಿಸಿದ ತರುಣಿಯರ ವಿಷಯದಲ್ಲಂತೂ ತೊಡಕು ಹೆಚ್ಚು. ಲೋಹದ ಕವಾಟವನ್ನಿಟ್ಟರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಔಷಧವನ್ನು ಜೀವವಿರುವವರೆಗೂ ಸೇವಿಸಬೇಕು. ಅದರಿಂದ ಮುಟ್ಟಿನ ಸ್ರಾವ ಹೆಚ್ಚಾಗಬಹುದು, ಹೆರಿಗೆಯೂ ಅಪಾಯಕರವಾಗಬಹುದು. ಪ್ರಾಣಿಜನ್ಯ ಕವಾಟವಾದರೆ ಅದು ಸವೆದು ಮತ್ತೊಮ್ಮೆ ಎದೆ ತೆರೆಯಬೇಕಾಗುತ್ತದೆ. ಎರಡನೆಯ ಸಲ ಸ್ರಾವ ಇನ್ನೂ ಹೆಚ್ಚು. ರಕ್ತವನ್ನೊಲ್ಲದವಳಿಗೆ ಎರಡರಲ್ಲಿ ಯಾವುದೂ ಸುಲಭದ ಆಯ್ಕೆಯಲ್ಲ.

ಇನ್ನು ಸಮ್ಮತಿಯ ವಿಷಯ. ರೋಗಿಯು ಒಂದು ಕ್ರಿಯೆಗಿತ್ತ ಸಮ್ಮತಿಯು, ಪ್ರಾಣರಕ್ಷಣೆಯ ತುರ್ತನ್ನು ಬಿಟ್ಟರೆ, ಮತ್ತೊಂದಕ್ಕೆ ಸಲ್ಲದೆಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ತುರ್ತಿನ ಆ ಗಳಿಗೆಯಲ್ಲಿ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಮಾತನಾಡಬೇಕಾದದ್ದು ಆತನು ಮೊದಲೇ ಬರೆದಿಟ್ಟ ಕಾಗದ. ‘ರಕ್ತ ಬೇಡ’ ಎಂದಷ್ಟೇ ಅದರಲ್ಲಿದ್ದರೆ ವೈದ್ಯನಿಗೆ ಏನು ತಿಳಿಯಬೇಕು? ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಇವು ಮೂರೂ ಬೇಡವೆ? ಪ್ಲಾಸ್ಮಾದಿಂದ ಬೇರ್ಪಡಿಸಿದ ಆಲ್ಬುಮಿನ್ ಆದೀತೆ? ಕೆಲವು ಎರಿಥ್ರೊಪೊಯೆಟಿನ್ ಔಷಧಗಳಲ್ಲಿಯೂ ಆಲ್ಬುಮಿನ್ ಇರುವುದುಂಟು. ತನ್ನದೇ ರಕ್ತ ಯಂತ್ರವನ್ನು ಹೊಕ್ಕು ಮರಳಿದರೆ ಅದು ತನ್ನದೋ ಪರರದೋ? ಇವುಗಳಲ್ಲಿ ಕೆಲವನ್ನು ಸಾಕ್ಷಿಗಳಲ್ಲಿ ಒಬ್ಬೊಬ್ಬರು ತಮ್ಮ ಮನಸ್ಸಾಕ್ಷಿಗೆ ತಕ್ಕಂತೆ ನಿಶ್ಚಯಿಸುತ್ತಾರೆ. ಹತ್ತಿಮತ್ತೂರಿನ ರೋಗಿಯು ಸಹಿಹಾಕುವ ಕಾಗದದಲ್ಲಿ ಈ ಪ್ರಶ್ನೆಗಳು ಒಂದೊಂದಾಗಿ, ಆತನು ಓದಿ ಅರಿಯಬಲ್ಲ ಕನ್ನಡದಲ್ಲಿರಬೇಕು. ಪ್ರತಿಯೊಂದರ ಮುಂದೆಯೂ ‘ಆಗಬಹುದು’, ‘ಬೇಡ’ ಎಂದು ಬರೆಯುವಷ್ಟು ಜಾಗವಿರಬೇಕು.